ಸಂಪಿನ ಹತ್ತಿರ ಯಾರೂ ಇರಲಿಲ್ಲ

ಹೊಸ ತಿಪ್ಪಸಂದ್ರದ ನಮ್ಮ ಕಟ್ಟಡದಲ್ಲಿ ಸಂಜೆಯಾದರೆ ಎಲ್ಲರೂ ಕುರ್ಚಿ ಹಾಕಿಕೊಂಡು ಕೂರುವುದು ಅಂಗಳದ ಸಂಪಿನ ಸುತ್ತ. ಹೆಚ್ಚಿನವರು ಒಂದೇ ಕಾರ್ಖಾನೆಯಿಂದ ನಿವೃತ್ತರಾದವರು. ಯಾರಾದರೊಬ್ಬರು ಮುಚ್ಚಳ ತೆಗೆದು, ಕೋಲು ಇಳಿಸಿ, ಕಾವೇರಿ ನೀರು ಎಷ್ಟು ಬಂದಿದೆ ಎಂದು ಕೂಗಿ ಹೇಳಬೇಕು. ಸಾಲದಿದ್ದರೆ ಟ್ಯಾಂಕರಿನವನಿಗೆ ಫೋನು. ಮಿಕ್ಕ ಹೊತ್ತೆಲ್ಲ ಊರ ಉಸಾಬರಿ.

ಅಂಥ ಒಂದು ಸಂಜೆ ನಾನು ಕೋಲು ಇಳಿಸುತ್ತಿದ್ದಾಗ ಮೂರನೇ ಮಹಡಿಯ ಮಹಾನುಭಾವ ಬಂದು ಅದನ್ನು ಕಿತ್ತುಕೊಂಡ. “ನಾವು ಕುಡಿಯೋ ನೀರಿದು, ಕೈ ತೆಗಿ” ಎಂದು ನನ್ನ ಜಾತಿ ಹಿಡಿದು ಬೈದ. ಕಾಲರ್ ಹಿಡಿದು ತಳ್ಳಿದ. ನಾನು ನೆಲಕ್ಕೆ ಬಿದ್ದೆ. ಕುರ್ಚಿಯಲ್ಲಿದ್ದವರು ತಂತಮ್ಮ ಚಪ್ಪಲಿ ನೋಡುತ್ತ ಕೂತರು.

ಎದ್ದು ಬಂದವನು ಒಬ್ಬನೇ. ನಮ್ಮ ಎದುರು ಮನೆಯವನು, ಕಾರ್ಖಾನೆಯ ಬಸ್ಸಿನಲ್ಲಿ ವರ್ಷಗಟ್ಟಲೆ ನನ್ನ ಪಕ್ಕದ ಸೀಟಿನಲ್ಲಿ ಕೂತು ಬಂದ ಗೆಳೆಯ. ನನ್ನನ್ನು ಎಬ್ಬಿಸಿ ನೀರು ಕುಡಿಸಿದ. ನಾನು ಬೇಡವೆಂದರೂ ಠಾಣೆಗೆ ಕರೆದುಕೊಂಡು ಹೋದವನೂ ಅವನೇ. “ಬಿಡ್ಬೇಡ ಕಣೋ. ನಾನು ಕಣ್ಣಾರೆ ನೋಡಿದೀನಿ, ಎಲ್ಲಿ ಬೇಕಾದ್ರೂ ಬಂದು ಹೇಳ್ತೀನಿ” ಎಂದಿದ್ದ.

ಜಾತಿ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಕೇಸಾಯಿತು. ಮಹಾನುಭಾವ ತಲೆಮರೆಸಿಕೊಂಡ. ತನ್ನನ್ನು ಬಂಧಿಸುವ ಮೊದಲೇ ಜಾಮೀನು ಬೇಕೆಂದು ಅವನು ಹಾಕಿದ ಅರ್ಜಿಯನ್ನು ಕೆಳಗಿನ ಕೋರ್ಟು ತಳ್ಳಿಹಾಕಿತು. ಹೈಕೋರ್ಟಿಗೆ ಮೇಲ್ಮನವಿ ಹಾಕಿದ. ದೂರು ಕೊಟ್ಟವನ ಮಾತು ಕೇಳದೆ ಇಂಥ ಕೇಸಿನಲ್ಲಿ ಜಾಮೀನು ತೀರ್ಮಾನಿಸುವಂತಿಲ್ಲವಂತೆ, ಹಾಗಾಗಿ ನನಗೂ ನೋಟಿಸು ಬಂತು. ನಾಲ್ಕು ಜನರ ಎದುರು ಬೈದ ಎನ್ನುವುದು ಗಟ್ಟಿಯಾಗಿ ನಿಂತರೆ ಅವನಿಗೆ ಜಾಮೀನು ಕಷ್ಟ ಎಂದು ಸರ್ಕಾರಿ ವಕೀಲರು ಹೇಳಿದರು. ನಾನು ನಿಶ್ಚಿಂತೆಯಾಗಿದ್ದೆ. ಗೆಳೆಯನಿದ್ದನಲ್ಲ.

ವಿಚಾರಣೆಯ ದಿನ ಅವನೇ ಜೊತೆಗೆ ಹೊರಟ. ಇಂದಿರಾನಗರದಲ್ಲಿ ಮೆಟ್ರೊ ಹತ್ತಿದೆವು. ನನಗೊಂದು ಸೀಟು ಹಿಡಿದುಕೊಟ್ಟು, ನನ್ನ ಫೈಲು ತಾನು ಇಟ್ಟುಕೊಂಡು ನಿಂತ. ದಾರಿಯುದ್ದಕ್ಕೂ ಹೆಚ್ಚು ಮಾತಾಡಲಿಲ್ಲ. ಬೆಳಗಿನ ನೂಕುನುಗ್ಗಲು, ಅದಕ್ಕೇ ಇರಬೇಕು ಎಂದುಕೊಂಡೆ.

ಕೋರ್ಟಿನಲ್ಲಿ ಎದುರು ವಕೀಲರು ಎದ್ದು, ನೆರೆಯವರೊಬ್ಬರ ಅಫಿಡವಿಟ್ ಇದೆ ಎಂದು ಓದತೊಡಗಿದರು. ಇಂಗ್ಲಿಷಿನಲ್ಲಿದ್ದರೂ ತಿಳಿಯಿತು. ಆ ಸಂಜೆ ಸಂಪಿನ ಹತ್ತಿರ ಯಾರೂ ಇರಲಿಲ್ಲ. ಇಬ್ಬರ ನಡುವೆ ಏನೋ ಮಾತಾಗಿರಬಹುದು, ಕೇಳಿಸಿಕೊಂಡವರಿಲ್ಲ. ಕೊನೆಯಲ್ಲಿ ಹೆಸರು ಓದಿದರು. ನನ್ನ ಫೈಲನ್ನು ತೊಡೆಯ ಮೇಲಿಟ್ಟುಕೊಂಡು ನನ್ನ ಪಕ್ಕದಲ್ಲೇ ಕೂತಿದ್ದವನ ಹೆಸರು.

ನ್ಯಾಯಾಧೀಶರು ನನ್ನನ್ನು ಕನ್ನಡದಲ್ಲೇ ಕೇಳಿದರು, “ನೀವು ಏನಾದ್ರೂ ಹೇಳೋದಿದೆಯಾ?”

“ಸ್ವಾಮಿ, ಅವತ್ತು ನಂಗೆ ನೀರು ಕುಡಿಸಿದ್ದು ಇವ್ರೇ” ಎಂದು ಪಕ್ಕಕ್ಕೆ ಕೈ ತೋರಿಸಿದೆ. ಅವನು ತಲೆ ಎತ್ತಲಿಲ್ಲ. ಸಾಕ್ಷಿಗಳ ವಿಚಾರಣೆಗೆ ಇದು ಸಮಯವಲ್ಲ, ಅದೆಲ್ಲ ಮುಂದೆ ಎಂದರು ನ್ಯಾಯಾಧೀಶರು. ಜಾಮೀನು ಸಿಕ್ಕಿತು.

ಹೊರಗೆ ಬಂದ ಮೇಲೆ ಗೆಳೆಯನ ಬಾಯಿಂದ ಬಂದ ಮೊದಲ ಮಾತು, “ಅದನ್ನ ಗಟ್ಟಿಯಾಗಿ ಓದಲ್ಲ ಅಂದಿದ್ರು ಕಣೋ.”

ನಾನು ಗೇಟಿನ ಕಡೆ ನಡೆದೆ, ಅವನು ಹಿಂದೆಯೇ ಬಂದ.

“ಎಲ್ರೂ ಒಂದೇ ಬಿಲ್ಡಿಂಗಲ್ಲಿ ಇರ್ಬೇಕಲ್ಲ. ನಿನ್ನ ಮರ್ಯಾದೆನೂ ಉಳೀತು ನೋಡು. ಅವನು ಅಂದಿದ್ದನ್ನ ಯಾರೂ ಕೇಳಿಸ್ಕೊಂಡಿಲ್ಲ ಅಂತಾಯ್ತಲ್ಲ.”

ಬೈದವನಿಂದ ನಾನು ಎಂದೂ ಏನನ್ನೂ ಬಯಸಿದವನಲ್ಲ. ಇವನನ್ನು ನಂಬಿದ್ದೆ. ಇವನ ಮಾತು ನಂಬಿ ಠಾಣೆಯ ಮೆಟ್ಟಿಲು ಹತ್ತಿದ್ದೆ. ಫೈಲು ಕಿತ್ತುಕೊಂಡು, ಮೆಟ್ರೊ ಬಿಟ್ಟು, ಶಿವಾಜಿನಗರದವರೆಗೆ ನಡೆದು ಒಬ್ಬನೇ ಬಸ್ಸು ಹಿಡಿದೆ.

ಆ ವಾರವೇ ಮಹಾನುಭಾವ ವಾಪಸು ಬಂದ. ಸಂಜೆ ಸಂಪಿನ ಸುತ್ತ ಅವೇ ಕುರ್ಚಿಗಳು, ಅವರೇ ಜನ. ನನ್ನ ಗೆಳೆಯ ಕಾಫಿ ಲೋಟ ಹಿಡಿದು ಅವನ ಪಕ್ಕದಲ್ಲೇ ಕೂತಿದ್ದ. ನನ್ನ ಹೆಂಡತಿ ಬೇಡವೆಂದಳು. ನಾನು ಇಳಿದುಹೋಗಿ ಮುಚ್ಚಳ ತೆಗೆದು ಕೋಲು ಇಳಿಸಿದೆ. ಮಹಾನುಭಾವ ಅರ್ಧ ಎದ್ದವನು, ನನ್ನ ತಂಟೆಗೆ ಬರಕೂಡದೆಂಬ ಜಾಮೀನಿನ ಷರತ್ತು ನೆನಪಾಯಿತೇನೋ, ಮತ್ತೆ ಕೂತ.

ನಾನು ಗೆಳೆಯನ ಮುಖ ನೋಡಿ ಕೇಳಿದೆ, “ಇಲ್ಲಿ ಯಾರಾದ್ರೂ ಇದೀರಾ?”

ಅವನು ಲೋಟ ನೋಡಿದ. ಉಳಿದವರು ಚಪ್ಪಲಿ ನೋಡಿದರು. ಕೋಲು ಮೇಲೆತ್ತಿದೆ. ಅರ್ಧ ಸಂಪು ನೀರಿತ್ತು. ಕೂಗಿ ಹೇಳೋಣವೆಂದರೆ ಅಲ್ಲಿ ಯಾರೂ ಇರಲಿಲ್ಲ.