ಮುಂದಿನ ಮನೆಗೆ ಹೋಗು ಎಂದ ದಿನ

ನನ್ನ ತಮ್ಮ ಜೋಳಿಗೆ ಹಿಡಿದು ನಮ್ಮ ಬಾಗಿಲಿಗೆ ಬಂದಾಗ ನಾನು ಒಂದು ಹಿಡಿ ಜೋಳ ಹಾಕಬೇಕಾಗಿತ್ತು, ಹಾಕಲಿಲ್ಲ. ಪಡಸಾಲೆಯಲ್ಲಿ ಕೂತವರು ಯಾರವನು ಎಂದು ಕೇಳಿದಾಗ ನನ್ನ ಒಡಹುಟ್ಟಿದವನು ಎನ್ನಬೇಕಾಗಿತ್ತು, ಅದನ್ನೂ ಅನ್ನಲಿಲ್ಲ. ನಾನು ಮಾಡದೆ ಉಳಿದದ್ದು ಇಷ್ಟೇ, ಹೇಳಲು ಒಂದು ಉಸಿರು ಸಾಕು. ಆದರೆ ಅಂದಿನಿಂದ ನಾನು ಒಂದು ಕಡೆ ನೆಮ್ಮದಿಯಾಗಿ ಕೂತವಳಲ್ಲ. ರೊಟ್ಟಿ ಬಡಿಯುತ್ತಿದ್ದರೂ ಹೊರಗೆ ಯಾರೋ ನಿಂತ ಹಾಗೆ ಅನ್ನಿಸಿ, ಹಿಟ್ಟಿನ ಕೈಯಲ್ಲೇ ಎದ್ದು ಹೋಗಿ ನೋಡುತ್ತಿದ್ದೆ.

ನಾನು ಓದಿದ್ದು ಮೂರನೇ ಕ್ಲಾಸಿನವರೆಗೆ. ಬರೆಯುವುದು ರೂಢಿಯಿಲ್ಲ. ತಪ್ಪಿದ್ದರೆ ಓದುವವರು ತಿದ್ದಿಕೊಳ್ಳಬೇಕು.

ನಮ್ಮ ತವರು ಕಂಪ್ಲಿ. ಹೊಳೆಯ ಈಚೆ ದಂಡೆ ಮದ್ರಾಸಿನವರದು, ಆಚೆ ದಂಡೆ ನಿಜಾಮನದು. ಹರಿಗೋಲು ಹತ್ತಿ ಆಚೆ ಇಳಿದರೆ ನಾಣ್ಯ ಬೇರೆ, ಮಾತು ಅದೇ. ನಮ್ಮ ಓಣಿಯಲ್ಲಿ ಕನ್ನಡದವರು, ತೆಲುಗಿನವರು, ಸಾಬರು ಎಲ್ಲರೂ ಇದ್ದರು. ನೀನು ಯಾರು ಎಂದು ಯಾರೂ ಯಾರನ್ನೂ ಕೇಳುತ್ತಿರಲಿಲ್ಲ. ಯಾರ ಮಗಳು, ಯಾವ ಓಣಿ ಎಂದು ಕೇಳುತ್ತಿದ್ದರು. ನಾವು ಕೊರಳಲ್ಲಿ ಲಿಂಗ ಕಟ್ಟಿಕೊಳ್ಳುವ ಮನೆಯವರು. ಅದು ಗೊತ್ತಿತ್ತು, ಆದರೆ ಹೇಳಿಕೊಳ್ಳುವ ಸಂದರ್ಭ ಬಂದಿರಲಿಲ್ಲ.

ನನ್ನ ಬೆನ್ನಿಗೆ ಹುಟ್ಟಿದ ಮಕ್ಕಳು ಒಂದೂ ಉಳಿಯಲಿಲ್ಲವಂತೆ. ಅವ್ವ ಓಣಿಯ ತುದಿಯಲ್ಲಿ ಸಾಬರು ಕೂರಿಸುವ ಪೀರಲ ದೇವರಿಗೆ ಹರಕೆ ಹೊತ್ತಳು. ಮಗ ಉಳಿದರೆ ಮೊಹರಮ್ಮಿಗೆ ಪ್ರತಿವರ್ಷ ಅವನನ್ನು ಫಕೀರನನ್ನಾಗಿ ಮಾಡುತ್ತೇನೆ ಎಂದಳು. ತಮ್ಮ ಉಳಿದ. ನಮ್ಮ ಕಡೆ ಹೀಗೆ ಹರಕೆಯ ಮಕ್ಕಳು ಮನೆಮನೆಗೆ ಇದ್ದರು. ಹಬ್ಬದ ದಿನಗಳಲ್ಲಿ ಕೊರಳಿಗೆ ಕೆಂಪು ದಾರದ ಲಾಡಿ ಹಾಕಿಕೊಂಡು, ಹೆಗಲಿಗೆ ಜೋಳಿಗೆ ತೂಗಿಸಿಕೊಂಡು ಐದು ಮನೆ ಬೇಡಬೇಕು. ಬೇಡಿದ ಕಾಳನ್ನು ಬೀಸಿ, ಬೆಲ್ಲ ಸೇರಿಸಿ ಸಿಹಿ ಮಾಡಿ ದೇವರ ಮುಂದಿಟ್ಟು ಪ್ರಾರ್ಥನೆ ಓದಿಸಬೇಕು. ಇದರಲ್ಲಿ ಒಂದು ಕಟ್ಟು ಇತ್ತು. ಮೊದಲ ಹಿಡಿ ಸ್ವಂತ ಮನೆಯದೇ ಆಗಬೇಕು. ಹರಕೆ ಹೊತ್ತ ಹೆಣ್ಣು, ಅವಳಿಲ್ಲದಿದ್ದರೆ ಅವಳ ಮಗಳು, ಹೊಸ್ತಿಲಲ್ಲಿ ನಿಂತು ತನ್ನ ಕೈಯಾರೆ ಹಾಕಬೇಕು. ಆ ಕಾಳು ಬೀಳದೆ ಎರಡನೇ ಮನೆಯ ಮುಂದೆ ನಿಲ್ಲುವಂತಿಲ್ಲ. ಸ್ವಂತ ಮನೆಯೇ ಇಲ್ಲವೆಂದರೆ ಆ ವರ್ಷಕ್ಕೆ ಅವನು ಫಕೀರನಲ್ಲ.

ತಮ್ಮ ಲಿಂಗದ ಕರಡಿಗೆಯ ಮೇಲೇ ಲಾಡಿ ಹಾಕಿಕೊಳ್ಳುತ್ತಿದ್ದ. ಎರಡೂ ಎದೆಯ ಮೇಲೆ ಒಂದಕ್ಕೊಂದು ತಗಲಿಕೊಂಡು ತೂಗುತ್ತಿದ್ದವು. ದೇವರ ಕೆಲಸ ನೋಡುವ ಮುಜಾವರನ ಹೆಂಡತಿ ಅವನನ್ನು ಕರೆದು, "ಲೇ ಅಯ್ನೋರ ಫಕೀರ, ಬಾರೋ ಇಲ್ಲಿ, ದಾರ ಗಂಟಾಗೇತಿ, ಬಿಡಿಸ್ತೀನಿ" ಎನ್ನುತ್ತಿದ್ದಳು. ಅಯ್ನೋರು ಎಂದರೆ ನಮ್ಮ ಜಂಗಮರು. ನಾವೇನೂ ಜಂಗಮರಲ್ಲ, ಚೇಷ್ಟೆಗೆ ಹಾಗೆ ಅನ್ನುತ್ತಿದ್ದಳು. ಇವನೂ ಬಿಡುತ್ತಿರಲಿಲ್ಲ. "ಆಶೀರ್ವಾದ ಮಾಡ್ಲೇನು ಬೂಬಮ್ಮ? ದಕ್ಷಿಣಿ ತಾ ಮತ್ತ" ಎನ್ನುತ್ತಿದ್ದ.

ನನ್ನನ್ನು ಹೊಸಪೇಟೆಯ ಕಿರಾಣಿ ಅಂಗಡಿಯವರ ಮನೆಗೆ ಕೊಟ್ಟರು. ಅಪ್ಪ ಮೊದಲೇ ತೀರಿಹೋಗಿದ್ದ. ಅವ್ವ ಜಡ್ಡಾಗಿ ಮಲಗಿದಾಗ ನಾನು ಕಂಪ್ಲಿಗೆ ಹೋಗಿ ಕೂತೆ. ಒಂದು ಮಧ್ಯಾಹ್ನ ಅವಳು ನನ್ನ ಕೈ ಹಿಡಿದುಕೊಂಡು, "ನಾ ಹ್ವಾದ ಮ್ಯಾಲ ಅವನಿಗೆ ನಿನ್ನ ಬಾಗಲಾನ ಮನಿ ಬಾಗಲ. ತಪ್ಪಿಸಬ್ಯಾಡ" ಎಂದಳು. ನಾನು ಹೂಂ ಅಂದೆ.

ಅವ್ವ ಹೋದಳು. ಬಾಡಿಗೆಯ ಮನೆ ಬಿಟ್ಟು ತಮ್ಮ ಹೊಸಪೇಟೆಗೆ ಬಂದು ಅಕ್ಕಿ ಗಿರಣಿಯ ಬಂಡಿ ಹೊಡೆಯತೊಡಗಿದ. ಗಿರಣಿಯಲ್ಲೇ ಮಲಗುತ್ತಿದ್ದ. ಮೊದಲ ವರ್ಷ ಮೊಹರಮ್ಮಿಗೆ ಲಾಡಿ ಹಾಕಿಕೊಂಡು ಬಂದಾಗ ನನ್ನ ಅತ್ತೆಯೇ ಮೊರದಲ್ಲಿ ಜೋಳ ತಂದು ನನ್ನ ಕೈಗೆ ಕೊಟ್ಟರು. "ನಮ್ಮ ತವರಾಗೂ ಮಾಡ್ತಾರವ್ವ, ಹಾಕು" ಎಂದರು. ಅದರ ಮುಂದಿನ ವರ್ಷವೂ ಹಾಕಿದೆ.

ಆಮೇಲೆ ನನ್ನ ಮೈದುನ ಬಳ್ಳಾರಿಯಲ್ಲಿ ಓದು ಮುಗಿಸಿ ಬಂದ. ಒಳ್ಳೆಯ ಹುಡುಗ, ಸುಳ್ಳು ಹೇಳಬಾರದು. ಸಂಘವೊಂದರ ಸಭೆಗಳಿಗೆ ಹೋಗುತ್ತಿದ್ದ. ಕಚೇರಿಯಲ್ಲಿ ತೆಲುಗು ಯಾಕೆ, ನಮ್ಮ ಕನ್ನಡ ಯಾಕಿಲ್ಲ ಎನ್ನುತ್ತಿದ್ದ. ಅದು ನನಗೂ ಸರಿ ಅನ್ನಿಸುತ್ತಿತ್ತು. ಮದ್ರಾಸಿನ ಕಾಗದ ಬಂದರೆ ನಮ್ಮ ಮನೆಯಲ್ಲಿ ಓದುವವರು ಇರುತ್ತಿರಲಿಲ್ಲ. ಒಮ್ಮೆ ನಮ್ಮನ್ನೆಲ್ಲ ಹಂಪಿಗೆ ಕರೆದುಕೊಂಡು ಹೋದ. ಹಂಪಿ ನನಗೆ ಹೊಸದಲ್ಲ, ಬುತ್ತಿ ಕಟ್ಟಿಕೊಂಡು ಹೋಗಿ ಕಲ್ಲಿನ ಮಂಟಪದ ನೆರಳಲ್ಲಿ ಉಂಡು ಬರುತ್ತಿದ್ದೆವು. ಬಿದ್ದ ಕಲ್ಲುಗಳು ಮೊದಲಿನಿಂದ ಹಾಗೇ ಬಿದ್ದಿವೆ ಎಂದುಕೊಂಡಿದ್ದೆ. ಮೈದುನ ಒಂದು ಮುರಿದ ಕಂಬದ ಮೇಲೆ ಕೈ ಇಟ್ಟು, "ಅತ್ತಿಗಿ, ಇದನ್ನ ಒಡದವ್ರು ಯಾರು ಗೊತ್ತೇನು?" ಎಂದ.

ಗೊತ್ತಿಲ್ಲ ಎಂದೆ. ಅವನು ಹೇಳಿದ. ಕೇಳಿ ನನ್ನ ಎದೆಯೂ ಉರಿಯಿತು. ನಮ್ಮದು ಇಷ್ಟು ದೊಡ್ಡದಿತ್ತು ಎಂಬುದು ಗೊತ್ತಾದ ಗಳಿಗೆಯಲ್ಲೇ ಅದನ್ನು ಕಳೆದುಕೊಂಡೆವು ಎಂಬುದೂ ಗೊತ್ತಾಯಿತು. ಆಚೆ ದಂಡೆಯ ಗುಡಿಗಳನ್ನೂ ನೋಡಿ ತಿರುಗಿ ಬರುವಾಗ ಹರಿಗೋಲಿನಲ್ಲಿ ಹೊಳೆ ದಾಟಿದೆವು. ಹುಟ್ಟು ಹಾಕುತ್ತಿದ್ದವನು ಬಿಳಿ ಗಡ್ಡದ ಒಬ್ಬ ಸಾಬ. "ಕೂಸಿನ ಕೈ ಹಿಡ್ಕಾ ತಾಯಿ, ಸುಳಿ ಐತಿ" ಎಂದು ನನಗೆ ಹೇಳಿದ. ಹಿಂದೆಯಾದರೆ ಅವನ ಊರು ಯಾವುದು, ಮಕ್ಕಳೆಷ್ಟು ಎಂದು ಮಾತಾಡಿಸುತ್ತಿದ್ದೆ. ಅಂದು ಮಾತಾಡಿಸಲಿಲ್ಲ. ಅವನ ಗಡ್ಡವನ್ನೇ ನೋಡುತ್ತಾ ಕೂತೆ.

ಅಲ್ಲಿಂದ ನನಗೊಂದು ಚಟ ಹತ್ತಿತು. ಸಂತೆಗೆ ಹೋದರೆ ಯಾರು ಯಾರು ಎಂದು ಮನಸ್ಸಿನಲ್ಲೇ ಬೇರೆ ಮಾಡುವುದು. ಇವರು ನಮ್ಮವರು, ಅವರು ಬೇರೆಯವರು. ಯಾರೂ ಕೂರಿಸಿ ಕಲಿಸಲಿಲ್ಲ, ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ ಕಣ್ಣು ತಾನೇ ಕಲಿತುಬಿಟ್ಟಿತು. ತಮ್ಮನನ್ನು ಮಾತ್ರ ಎಲ್ಲಿಡಬೇಕೋ ತಿಳಿಯುತ್ತಿರಲಿಲ್ಲ. ಹಾಗಾಗಿ ಅವನು ಬಂದರೆ ಸಾಕು, ಒಳಗೇನೋ ಕಸಿವಿಸಿ. ಬೇಗ ಉಂಡು ಹೋಗಲಿ ಅನ್ನಿಸುತ್ತಿತ್ತು.

ಆ ವರ್ಷ ಹಬ್ಬದ ಹೊತ್ತಿಗೇ ನನ್ನ ನಾದಿನಿಯನ್ನು ನೋಡಲು ಪಾಪಿನಾಯಕನಹಳ್ಳಿಯಿಂದ ಬೀಗರಾಗುವವರು ಬಂದಿದ್ದರು. ಗಂಡಿನ ಸೋದರಮಾವ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತು ಎಲೆ ಅಡಿಕೆ ಹಾಕುತ್ತಿದ್ದರು. ಮೈದುನ ಅವರ ಮುಂದೆ ಸಂಘದ ಮಾತು ಹೇಳುತ್ತಿದ್ದ. ಅತ್ತೆ ಹಿತ್ತಲಲ್ಲಿದ್ದರು. ನಾನು ನೀರು ಕೊಟ್ಟು ತಿರುಗುತ್ತಿದ್ದೆ. ಆಗ ಬಾಗಿಲಲ್ಲಿ ನೆರಳು ಬಿತ್ತು.

ತಮ್ಮ ನಿಂತಿದ್ದ. ಕೊರಳಲ್ಲಿ ಲಾಡಿ, ಹಣೆಯಲ್ಲಿ ಬೂದಿ, ಜೋಳಿಗೆ ಬರಿದು. ಫಕೀರನಾದವನು ಹೆಸರು ಹಿಡಿದು ಕರೆಯುವಂತಿಲ್ಲ. ಸುಮ್ಮನೆ ಜೋಳಿಗೆಯ ಬಾಯಿ ಬಿಚ್ಚಿ ಹಿಡಿದ. ನನ್ನನ್ನು ನೋಡಿ ಸ್ವಲ್ಪ ನಕ್ಕ.

"ಯಾರದು?" ಎಂದರು ಸೋದರಮಾವ.

ಮೈದುನ ನನ್ನ ಕಡೆ ನೋಡಿದ. ಹೇಳಬೇಕಾದವಳು ನಾನು. ನಾದಿನಿಯ ಸಂಬಂಧ ಕೆಡುತ್ತದೆ ಎಂದು ಹೆದರಿದೆ ಎಂದು ಆಮೇಲೆ ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದು ಅರ್ಧ ನಿಜ. ಆ ಲಾಡಿಯನ್ನು ನೋಡಿ ನನಗೇ ನಾಚಿಕೆಯಾಯಿತು ಎಂಬುದು ಇನ್ನರ್ಧ.

"ಯಾರೋ ಫಕೀರ" ಎಂದೆ. ಅವನ ಕಡೆ ತಿರುಗಿ, "ಮುಂದಿನ ಮನಿಗೆ ಹೋಗಪ್ಪ" ಎಂದೆ.

ಭಿಕ್ಷುಕರಿಗೆ ಅನ್ನುವ ಮಾತು ಅದು. ಅವನಿಗೆ ಮುಂದಿನ ಮನೆ ಇಲ್ಲ ಎಂಬುದು ಅಲ್ಲಿದ್ದವರಲ್ಲಿ ನನಗೆ ಚೆನ್ನಾಗಿ ಗೊತ್ತಿತ್ತು. ಅವನ ನಗೆ ಕೂಡಲೇ ಹೋಗಲಿಲ್ಲ. ನಾನು ಚೇಷ್ಟೆ ಮಾಡುತ್ತಿದ್ದೇನೆ ಎಂದುಕೊಂಡಿರಬೇಕು. ಸ್ವಲ್ಪ ಹೊತ್ತು ಜೋಳಿಗೆ ಹಿಡಿದೇ ನಿಂತ. ನಾನು ಒಳಗೆ ಹೋಗಿ, ಆರಿಸಿಟ್ಟ ಅಕ್ಕಿಯನ್ನೇ ಮತ್ತೆ ಆರಿಸಲು ಕೂತೆ. ತಿರುಗಿ ಬಂದು ನೋಡಿದಾಗ ಬಾಗಿಲು ಖಾಲಿ ಇತ್ತು.

ಉಳಿದದ್ದನ್ನು ಗಿರಣಿಯ ಹಮಾಲನೊಬ್ಬ ಆಮೇಲೆ ಹೇಳಿದ. ತಮ್ಮ ಅಲ್ಲಿಂದ ನೇರವಾಗಿ ಮುಜಾವರನ ಹತ್ತಿರ ಹೋಗಿದ್ದ. ಮನೆಯ ಕಾಳು ಬಿದ್ದಿಲ್ಲ, ಏನು ಮಾಡಲಿ ಎಂದು ಕೇಳಿದ್ದ. ಈ ಮುಜಾವರ ಹೊಸಪೇಟೆಯವನು, ಮುದುಕ. "ನಿಮ್ಮ ಮನ್ಯಾಗ ಬ್ಯಾಡ ಅಂದ್ರ ನಾ ಹೆಂಗ ಹೂಂ ಅನ್ಲಪ್ಪ? ಇಲ್ಲೂ ಹೊಸಾ ಗುರುಗಳು ಬಂದಾರ. ಕೊಳ್ಳಾಗ ಲಿಂಗ ಇದ್ದಾವ್ರು ಯಾಕ ಬರ್ತಾರ ಅಂತ ಕೇಳಾಕತ್ಯಾರ" ಎಂದಿದ್ದ. ಹೇಳುವಾಗ ಅತ್ತನಂತೆ. ತಮ್ಮ ಲಾಡಿ ತೆಗೆದು ದೇವರ ಕಟ್ಟೆಯ ಮೇಲಿಟ್ಟು, ಮಾರನೆಯ ದಿನ ಅದಿರಿನ ಬಂಡಿಗಳ ಜೊತೆ ಸಂಡೂರಿಗೆ ಹೋಗಿಬಿಟ್ಟ.

ಮೈದುನನಿಗೆ ಗೊತ್ತಾದಾಗ, "ಒಳ್ಳೇದಾತು ಬಿಡ್ರಿ ಅತ್ತಿಗಿ, ನಮ್ಮವನಾಗಿ ಉಳದ" ಎಂದ. ಎಲ್ಲಿ ಉಳಿದ? ಹಬ್ಬಕ್ಕೂ ಇಲ್ಲ, ಹುಣ್ಣಿಮೆಗೂ ಇಲ್ಲ. ಎರಡು ಬಾಗಿಲು ಇದ್ದವನಿಗೆ ಒಂದೇ ದಿನ ಎರಡೂ ಇಲ್ಲವಾಗಿದ್ದವು. ಮೊದಲನೆಯದನ್ನು ಮುಚ್ಚಿದವಳು ನಾನು.

ನಾದಿನಿಯ ಸಂಬಂಧ ಆ ಮನೆಗೆ ಆಗಲೂ ಇಲ್ಲ, ಜಾತಕದ ನೆಪ ಹೇಳಿ ಬಿಟ್ಟರು.

ವರ್ಷಗಳು ಹೋದವು. ಅವನಿಗೆ ಹೇಳಿಕಳಿಸಬೇಕು ಎಂದುಕೊಳ್ಳುತ್ತಿದ್ದೆ. ಸಂಡೂರಿನ ಬಂಡಿಯವರು ಅಂಗಡಿಗೆ ಬಂದಾಗ ಬಾಗಿಲ ತನಕ ಹೋಗಿ ತಿರುಗಿ ಬರುತ್ತಿದ್ದೆ. ಹಬ್ಬದ ಹಲಗೆಯ ಸದ್ದು ಕೇಳಿದರೆ ಹಿತ್ತಲಿಗೆ ಹೋಗುತ್ತಿದ್ದೆ, ಅಲ್ಲೂ ನಿಲ್ಲಲಾಗದೆ ಮತ್ತೆ ಒಳಗೆ. ದೇವರು ಹೊತ್ತವರ ಕಾಲಿಗೆ ನೀರು ಹಾಕಲು ನಮ್ಮ ಓಣಿಯ ಹೆಂಗಸರು ಕಡಿಮೆಯಾಗುತ್ತಾ ಬಂದರು. ಯಾರೂ ಬೇಡ ಎಂದವರಲ್ಲ. ಎಲ್ಲರೂ ನನ್ನ ಹಾಗೆ ಒಳಗೇನೋ ಕೆಲಸ ಹುಡುಕಿಕೊಂಡರು.

ಕೊನೆಗೆ ನನ್ನ ಗಂಡನಿಗೇ ಸಾಕಾಯಿತು. "ನಿಂತಲ್ಲಿ ನಿಂದ್ರವಲ್ಲಿ, ಕುಂತಲ್ಲಿ ಕುಂದ್ರವಲ್ಲಿ. ನಾಳಿ ಸಂಡೂರಿಗೆ ಹೊಂಟೀನಿ, ಬಾ" ಎಂದರು.

ಬೆಟ್ಟದ ಬುಡದಲ್ಲಿ ಕೂಲಿಯವರ ಗುಡಿಸಲುಗಳು. ನೆಲ, ಗೋಡೆ, ಕೋಳಿ, ಎಲ್ಲದರ ಮೇಲೂ ಅದಿರಿನ ಕಪ್ಪು ಧೂಳು. ಗಂಡಸರು ಅದಿರು ತುಂಬಿ ಬಂದು ತೊಟ್ಟಿಯ ಹತ್ತಿರ ಕೈಕಾಲು ತೊಳೆಯುತ್ತಿದ್ದರು. ಯಾರು ಯಾರೆಂದು ಬೇರೆ ಮಾಡಲು ಹೋದ ನನ್ನ ಕಣ್ಣು ಸೋತಿತು. ಅವರಲ್ಲೊಬ್ಬ ತಲೆಯೆತ್ತಿ ನನ್ನನ್ನೇ ನೋಡಿದ. ತಲೆಗೂದಲು ತೆಳ್ಳಗಾಗಿತ್ತು. ಕೊರಳಲ್ಲಿ ಲಾಡಿಯೂ ಇರಲಿಲ್ಲ, ಕರಡಿಗೆಯೂ ಇರಲಿಲ್ಲ.

ಗುಡಿಸಲಿನಿಂದ ಒಬ್ಬ ಹೆಂಗಸು ಹೊರಗೆ ಬಂದು, ತೆಲುಗು ಬೆರೆತ ಕನ್ನಡದಲ್ಲಿ ಯಾರಿವರು ಎಂದು ಅವನನ್ನು ಕೇಳಿದಳು. ಅವನ ಹೆಂಡತಿ.

"ನಮ್ಮಕ್ಕ" ಎಂದ. "ಚಾಪಿ ಹಾಸು."

ಕೂತೆ. ಹೆಂಡತಿ ಮಜ್ಜಿಗೆ ತಂದಳು. ಅವನು ಅಂಗಡಿ ಹೆಂಗೈತಿ, ಅತ್ತೆ ಹೆಂಗದಾರ ಎಂದೆಲ್ಲ ಕೇಳಿದ. ಹಳೆಯದನ್ನು ಎತ್ತಲಿಲ್ಲ. ಅವನು ಎತ್ತುವುದಿಲ್ಲ, ನಾನೂ ಎತ್ತದಿದ್ದರೆ ಮಜ್ಜಿಗೆ ಕುಡಿದು ಎದ್ದು ಹೋಗಬಹುದು ಎಂದು ಅನ್ನಿಸಿತು. ಆ ಆಸೆ ನಿಜವಾಗಿಯೂ ಬಂತು. ತೊಟ್ಟಿಯ ಹತ್ತಿರದವರೂ ಒಬ್ಬೊಬ್ಬರಾಗಿ ಬಂದು ಸುತ್ತ ಕೂತಿದ್ದರು. ಅವರೆಲ್ಲ ಕೇಳುವ ಹಾಗೆ ಮಾತಾಡಿದೆ.

"ಅವತ್ತ ನೀ ಬಾಗಲಿಗೆ ಬಂದಾಗ ನಾ ನಿನ್ನನ್ನ ನನ್ನ ತಮ್ಮ ಅನ್ನಲಿಲ್ಲ. ಗುರ್ತು ಸಿಗಲಿಲ್ಲಂತ ಅಲ್ಲ, ಬೀಗರಿಗೆ ಹೆದರಿದ್ದಕ್ಕಷ್ಟಾ ಅಲ್ಲ. ನಿನ್ನ ನೋಡಿ ನಾಚಿಕಿ ಪಟ್ಟೆ. ಅವ್ವಗ ಮಾತು ಕೊಟ್ಟು ತಪ್ಪಿದೆ. ನಿನಗ ಮನಿ ಇಲ್ದಂಗ ಮಾಡಿದಾಕಿ ನಾನು. ತಪ್ಪು ನಂದಪ್ಪ. ನನ್ನ ಕ್ಷಮಾ ಮಾಡು."