ರತ್ನಮ್ಮ ಆರಿಸಿದ ಸಿಂಕ್

ನಾನು ಮೆಚ್ಚಿಕೊಂಡಿದ್ದ ಹೊಳೆಯುವ ಸ್ಟೀಲ್ ಸಿಂಕಿನೊಳಗೆ ರತ್ನಮ್ಮ ತಮ್ಮ ಬಕೆಟ್ಟನ್ನು ಇಟ್ಟೇಬಿಟ್ಟರು, ಅದೂ ಪೀಣ್ಯದ ಅಂಗಡಿಯಲ್ಲೇ! ರತ್ನಮ್ಮ ನಮ್ಮ ಫ್ಯಾಕ್ಟರಿಯ ನೆಲ ಒರೆಸುವವರು. ಮಾಪ್ ತೊಳೆಯಲು ಹೊಸ ಸಿಂಕ್ ಆರಿಸುವ ಕೆಲಸ ನನಗೆ ಸಿಕ್ಕಿತ್ತು. ವಿಡಿಯೊ ನೋಡಿಯೇ ಪ್ಲಂಬಿಂಗ್ ಕಲಿತವನು ನಾನು. ಗೋಡೆ, ಪೈಪು ಎಲ್ಲ ಅಳೆದುಕೊಂಡು ಹೋಗಿದ್ದೆ. ತಾವೂ ಬರುವುದಾಗಿ ಹೊರಟ ರತ್ನಮ್ಮ ಬಸ್ಸಿನಲ್ಲಿ ಬಕೆಟ್ ಹಿಡಿದುಕೊಂಡೇ ಬಂದಿದ್ದರು.

ಸೊಂಟದೆತ್ತರಕ್ಕಿದ್ದ ಆ ಸಿಂಕಿನಲ್ಲಿ ಬಕೆಟ್ ಸರಿಯಾಗಿ ಕೂತಿತು. ನಾನು ಗೆದ್ದೆ ಅಂದುಕೊಂಡೆ. ಆದರೆ ರತ್ನಮ್ಮ ಅಂಗಡಿಯವರನ್ನು ಕೇಳಿ ಬಕೆಟ್ ತುಂಬ ನೀರು ಹಾಕಿಸಿದರು.

"ಸಾರ್, ಈಗ ಇದನ್ನ ಕೆಳಗಿಳ್ಸಿ ನೋಡಣ."

ಎತ್ತಿದೆ. ಭಾರಕ್ಕೆ ಬಕೆಟ್ ವಾಲಿ ಅರ್ಧ ನೀರು ನನ್ನ ಪ್ಯಾಂಟಿನ ಮೇಲೆ! ಅಂಗಡಿಯವರು ನಗು ತಡೆಯಲಿಲ್ಲ.

"ಒಂದ್ಸಲಕ್ಕೇ ಹಿಂಗಾದ್ರೆ? ನಾನು ದಿನಕ್ಕೆ ಹತ್ತು ಸಲ ಇಳಿಸ್ಬೇಕು. ಭುಜ ಆಗ್ಲೇ ಹಿಡ್ಕೊಂಡೈತೆ ಸಾರ್."

ಆಮೇಲೆ ಅವರು ಮೂಲೆಯಲ್ಲಿದ್ದ, ನೆಲದ ಮೇಲೇ ಕೂರಿಸುವ ತೊಟ್ಟಿಯ ಹತ್ತಿರ ಹೋಗಿ, ಅದರ ಅಂಚಿನ ಎತ್ತರವನ್ನು ಗೇಣಿನಲ್ಲಿ ಅಳೆದರು. "ಇದೇ ಸಾಕು. ನಲ್ಲಿಗೊಂದು ಉದ್ದ ಪೈಪ್ ಹಾಕ್ಸಿ, ಬಕೆಟ್ ಕೆಳಗೇ ತುಂಬ್ತೈತೆ. ಕೊಳೆ ನೀರು ಹಂಗೇ ವಾಲಿಸಿ ಚೆಲ್ತೀನಿ. ಎತ್ತೋ ಮಾತೇ ಇಲ್ಲ." ಅದನ್ನೇ ತಂದು ಕೂರಿಸಿದೆವು.

ಅಷ್ಟೆಲ್ಲ ಅಳೆದ ನನಗೆ, ತುಂಬಿದ ಬಕೆಟ್ ಹೊರಗೂ ಬರಬೇಕು ಎಂಬುದು ಹೊಳೆದೇ ಇರಲಿಲ್ಲ. ಈಗ ರತ್ನಮ್ಮ ಒಂದು ಕೈಯಲ್ಲಿ ಬಕೆಟ್ ವಾಲಿಸುತ್ತ, ಇನ್ನೊಂದರಲ್ಲಿ ಫೋನ್ ಹಿಡಿದು ಮಗಳ ಜೊತೆ ಹರಟುತ್ತಿರುತ್ತಾರೆ. ಅವರನ್ನು ಕೇಳದೆ ನಾನೀಗ ಒಂದು ನಲ್ಲಿಯನ್ನೂ ಕೊಳ್ಳುವುದಿಲ್ಲ.