ಲ್ಯಾಬಿನ ತುಂಬ ಸೀನು

ನಮ್ಮ ಮನೆಯ ಮೊಸರು ನಿಜಕ್ಕೂ ನಮ್ಮದಲ್ಲ. ಅದು ಎದುರುಮನೆಯ ಮಾಮಿ ಕೊಟ್ಟ ಒಂದು ಚಮಚ ಹೆಪ್ಪಿನ ಸಂತಾನ; ಮಾಮಿಗೆ ಆ ಹೆಪ್ಪು ಬಂದದ್ದು ಕೆಳಮನೆಯಿಂದ; ಹೀಗೆ ವಂಶಾವಳಿ ಹಿಡಿದು ಹೊರಟರೆ ಮೈಲಾಪುರದ ಈ ಹಳೆಯ ಕಟ್ಟಡದ ಅಷ್ಟೂ ಮನೆಗಳು ಒಬ್ಬನೇ ಮೂಲಪುರುಷನ ಮೊಸರನ್ನು ಉಣ್ಣುತ್ತಿವೆಯೆಂದು ನನ್ನ ಗುಮಾನಿ. ಆದರೂ ನೋಡಿ, ಮಾಮಿಯ ಮೊಸರು ಚಾಕುವಿನಿಂದ ಕತ್ತರಿಸುವಷ್ಟು ಗಟ್ಟಿ, ನನ್ನದು ಸದಾ ನೀರು ಬಿಟ್ಟುಕೊಂಡು ಮುಖ ಸಪ್ಪೆ ಮಾಡಿಕೊಂಡಿರುತ್ತದೆ. ಹೆಪ್ಪು ಒಂದೇ ಆದರೂ ಪಾತ್ರೆಗೊಂದು ಸ್ವಭಾವ ಇರುತ್ತದೆಂದು ನಾನು ಸಮಾಧಾನ ಹೇಳಿಕೊಳ್ಳುತ್ತೇನೆ; ಮಾಮಿ ಮಾತ್ರ ಹಾಲಿಗೆ ನೀರು ಸೇರಿಸಿದ್ದೇ ಕಾರಣವೆನ್ನುತ್ತಾರೆ.

ಈ ಮೊಸರಿನ ಮೀಮಾಂಸೆ ಶುರುವಾದದ್ದು ಅಡುಗೆಮನೆಯಲ್ಲಲ್ಲ, ನಾನು ಭೂಗೋಳ ಕಲಿಸುವ ವೇಲಚೇರಿಯ ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ. ನಕಾಶೆ ಬರೆಯಲು ನಾವು ಬಳಸುವ ಸಾಫ್ಟ್‌ವೇರ್ ಮುದಿಯಾಗಿದೆ, ಹೊಸ ಕಂಪ್ಯೂಟರುಗಳ ಜೊತೆ ಹೊಂದಿಕೊಳ್ಳಲೊಲ್ಲದು. ಅದಕ್ಕೆ ಲ್ಯಾಬ್ ನೋಡಿಕೊಳ್ಳುವ ವತ್ಸಲಾ ಒಂದು ಉಪಾಯ ಹೂಡಿದಳು: ಹೊಸ ಕಂಪ್ಯೂಟರಿನ ಹೊಟ್ಟೆಯೊಳಗೆ ಒಂದು ಹಳೆಯ ಕಂಪ್ಯೂಟರಿನ ವೇಷವನ್ನು ಕೂರಿಸುವುದು. ಇದನ್ನು ವರ್ಚುವಲ್ ಮೆಷೀನ್ ಎನ್ನುತ್ತಾರಂತೆ. ಅದರ ಇಡೀ ಸಂಸಾರ ಒಂದೇ ದೊಡ್ಡ ಫೈಲಿನಲ್ಲಿ ಅಡಗಿರುತ್ತದಂತೆ. ವತ್ಸಲಾಳ ಮನೆಯವರು ಮದರಾಸಿಗೆ ಬಂದು ತಲೆಮಾರುಗಳೇ ಕಳೆದ ವೈಷ್ಣವರು, ಅವಳ ಕನ್ನಡದಲ್ಲಿ ತಮಿಳು ಕೇಳದೆಯೇ ಒಳಬಂದು ಕೂರುತ್ತದೆ.

"ಒಂದ್ರಲ್ಲಿ ಚೆನ್ನಾಗಿ ಹೆಪ್ಪು ಹಾಕಿಬಿಡ್ತೀನಿ ಮೇಡಂ. ಆಮೇಲೆ ನೆಟ್‌ವರ್ಕಲ್ಲಿ ಎಲ್ಲಾದಕ್ಕೂ ಹಂಚಿಬಿಟ್ರೆ ಆಯ್ತು. ಸಿಂಪಲ್ ದಾನ್, ಅಷ್ಟೇ!" ಎಂದಳು.

ಹಂಚಿದಳು ಕೂಡ. ಮಾರನೆಯ ದಿನ ಲ್ಯಾಬಿನ ಸಾಲುಸಾಲು ಪರದೆಗಳಲ್ಲಿ ಒಂದೇ ನೀಲಿ, ಒಂದೇ ಗುಂಡಿಗಳು, ಒಂದೇ ನಗು. ಕೆಲಸ ಮುಗಿಸಿ ಆರಿಸಿದರೆ ಎಲ್ಲವನ್ನೂ ಮರೆತು, ಮರುದಿನ ಈಗ ತಾನೇ ಹುಟ್ಟಿದಂತೆ ಏಳುವ ಏರ್ಪಾಡೂ ಇತ್ತು. ಮರೆವನ್ನು ಇಷ್ಟು ಅಚ್ಚುಕಟ್ಟಾಗಿ ಹೊಂದಿಸಿಕೊಂಡ ಜೀವಿಗಳನ್ನು ಕಂಡು ನನಗೆ ಕೊಂಚ ಹೊಟ್ಟೆಕಿಚ್ಚೇ ಆಯಿತು.

ಆ ವರ್ಷ ಹುಡುಗಿಯರಿಗೆ ನಾನು ಕೊಟ್ಟ ಕೆಲಸ, ಕಳೆದ ಮಳೆಗಾಲದಲ್ಲಿ ತಮ್ಮ ಬೀದಿಯಲ್ಲಿ ನೀರು ಎಲ್ಲೆಲ್ಲಿ, ಎಷ್ಟೆಷ್ಟು ನಿಂತಿತ್ತೆಂಬ ನಕಾಶೆ ಬರೆಯುವುದು. ಕೊನೆಯ ಸಾಲಿನ ತೇನ್‌ಮೊಳಿ ಇದನ್ನು ಮನಸ್ಸಿಗೆ ಹಚ್ಚಿಕೊಂಡಳು. ವೇಲಚೇರಿ ಸ್ಟೇಷನ್ನಿನ ಹಿಂದಿನ ತಗ್ಗು ಬೀದಿ ಅವಳದು; ತನ್ನ ಪಾಟಿಯ, ಅಂದರೆ ಅಜ್ಜಿಯ, ಕೈಹಿಡಿದು ಮನೆಮನೆಗೂ ಹೋಗಿ ಗೋಡೆಗಳ ಮೇಲಿನ ನೀರಿನ ಕಲೆ ನೋಡಿಬಂದು, ದಿನವೂ ಲ್ಯಾಬಿನಲ್ಲಿ ಕುಳಿತು ಪರದೆಯ ಮೇಲೆ ಗುರುತಿಸಿ, ಫೈಲನ್ನು ಪೆನ್‌ಡ್ರೈವಿನಲ್ಲಿ ಒಯ್ಯುತ್ತಿದ್ದಳು. ಅಷ್ಟರಲ್ಲಿ ಪೊಂಗಲ್ ಬಂತು. ಬೀದಿಯೆಲ್ಲ ಸುಣ್ಣಬಣ್ಣ ಕಂಡಿತು, ಕಲೆಗಳು ಮಾಯವಾದವು. ನೀರು ಬಂದಿದ್ದಕ್ಕೆ ಸಾಕ್ಷಿಯಾಗಿ ಇನ್ನು ಉಳಿದದ್ದು ಅವಳ ನಕಾಶೆಯೊಂದೇ. ಒಪ್ಪಿಸುವ ದಿನ ಬೆಳಿಗ್ಗೆ ಆ ಪೆನ್‌ಡ್ರೈವೂ ಕೈಕೊಟ್ಟಿತು. ಲ್ಯಾಬಿನಲ್ಲಿ ಹೇಗೋ ಒಮ್ಮೆ ಫೈಲು ತೆರೆದುಕೊಂಡಿತು, ಆಮೇಲೆ ಆ ಡ್ರೈವು ಉಸಿರೆತ್ತಲಿಲ್ಲ.

ಎಲ್ಲರೂ ಒಪ್ಪಿಸಿದ ಮೇಲೆ ನನ್ನ ಮೇಜಿನ ಕಂಪ್ಯೂಟರಿನಲ್ಲಿ ಫೋಲ್ಡರ್ ತೆರೆದರೆ ಒಳಗಿದ್ದದ್ದು ಒಂದೇ ಒಂದು ನಕಾಶೆ. ಹೆಸರು, ಸೀನು.

ವತ್ಸಲಾ ಹಣೆ ಚಚ್ಚಿಕೊಂಡಳು. ತಾತನ ಹೆಸರನ್ನು ಮೊಮ್ಮಗನಿಗಿಡುವುದು ಅವರ ಮನೆಯ ಪದ್ಧತಿ. ಮೂಲ ಯಂತ್ರಕ್ಕೂ ಅವಳು ಭಕ್ತಿಯಿಂದ ಸೀನು ಎಂದು ತಾತನ ಹೆಸರಿಟ್ಟಿದ್ದಳು, ಹಂಚಿದ ಮೇಲೆ ಒಂದೊಂದಕ್ಕೂ ಬೇರೆ ಹೆಸರಿಡುವುದನ್ನು ಮರೆತಿದ್ದಳು. ಪ್ರತಿ ಯಂತ್ರವೂ ತನ್ನ ಹೆಸರಿನಲ್ಲೇ ನಕಾಶೆ ಕಳಿಸುತ್ತದೆ. ಹಾಗಾಗಿ ಒಬ್ಬ ಸೀನು ಬಂದು ಕೂತ ಜಾಗದಲ್ಲಿ ಇನ್ನೊಬ್ಬ ಸೀನು ಬಂದು, ಮೊದಲಿನವನನ್ನು ಅಳಿಸಿ ಕೂತಿದ್ದಾನೆ.

"ನಮ್ಮನೇಲೇ ನಾಲ್ಕು ಸೀನು ಇದಾರಲ್ಲ ಮೇಡಂ, ಒಬ್ರನ್ನ ಕರೆದ್ರೆ ನಾಲ್ಕು ಜನಾನೂ ಬರ್ತಾರೆ. ಇಲ್ಲಿ ಎಲ್ರೂ ಬಂದು ಒಬ್ನೇ ಆಗೋದ!" ಎಂದು ಗೋಳಾಡಿದವಳು ತಟ್ಟನೆ ಲ್ಯಾಬಿನತ್ತ ಓಡಿ, ಯಾರೂ ಆರಿಸಬೇಡಿರೆಂದು ತಮಿಳಿನಲ್ಲಿ ಕೂಗಿದಳು: "ಯಾರೂ ಆಫ್ ಪಣ್ಣಾದೀಂಗ!"

ಆರಿಸದ ಯಂತ್ರಗಳಲ್ಲಿ, ಅಂದೇ ಕುಳಿತು ಗೀಚಿ ಬೇರೆಲ್ಲೂ ಉಳಿಸಿಕೊಳ್ಳದವರ ನಕಾಶೆಗಳು ಇನ್ನೂ ಜೀವಂತವಾಗಿದ್ದವು. ಹುಡುಗಿಯರು ಮಂಗಳಾರತಿಗೆ ಕಾದವರಂತೆ ಕೈಕಟ್ಟಿ ಕುಳಿತರು. ವತ್ಸಲಾ ಮನೆಯ ಕ್ರಮವನ್ನೇ ಹಿಡಿದಳು. ಅವರ ಮನೆಯಲ್ಲಿ ಮಾಂಬಲಂ ಸೀನು, ತಿರುವಲ್ಲಿಕ್ಕೇಣಿ ಸೀನು ಎಂದು ಊರು ಸೇರಿಸಿ ಕರೆಯುವಂತೆ ಒಂದೊಂದು ನಕಾಶೆಗೂ ಹುಡುಗಿಯ ಬಡಾವಣೆಯ ಹೆಸರು ಸೇರಿಸಿ ಮತ್ತೆ ಕಳಿಸಿದಳು. ತಾಂಬರಂ ಸೀನು ಬಂದ, ಮಡಿಪಾಕ್ಕಂ ಸೀನು ಬಂದ, ಕಾಸಿಮೇಡಿನಿಂದಲೂ ಒಬ್ಬ ಬಂದ. ಆರಿಸದೆ ಹರಟುತ್ತಿದ್ದ ಸೋಮಾರಿಗಳೆಲ್ಲ ಬಚಾವಾದರು.

ತೇನ್‌ಮೊಳಿ ಚೀಲ ಹೆಗಲಿಗೇರಿಸಿ ನಿಂತಿದ್ದಳು. "ಮಿಸ್, ನಾನ್ ಅನುಪ್ಪಿಟ್ಟು ಉಡನೇ ಆಫ್ ಪಣ್ಣಿಟ್ಟೇನ್," ಎಂದಳು. ಕಳಿಸಿದ ಕೂಡಲೇ ಆರಿಸಿಬಿಟ್ಟಿದ್ದಳು. ಕೆಲಸ ಮುಗಿದರೆ ಆರಿಸಿ ಏಳಬೇಕೆಂದು ಇಡೀ ವರ್ಷ ಬೊಬ್ಬೆ ಹೊಡೆದವಳು ನಾನು, ಕೇಳಿದವಳು ಅವಳೊಬ್ಬಳೇ. ವತ್ಸಲಾ ಆ ಕಂಪ್ಯೂಟರನ್ನು ಮತ್ತೆ ಹಚ್ಚಿದಳು. ಅದು ಏನೂ ನಡೆದೇ ಇಲ್ಲವೆಂಬಂತೆ ಹೊಸದಾಗಿ ನಕ್ಕಿತು. ನನಗೆ ಅಳು ಬಂತು, ಸಿಟ್ಟೂ ಬಂತು. ಸುಣ್ಣ ಬಳಿದ ಗೋಡೆಗಳನ್ನು ಯಾರು ಕೆರೆದು ತೋರಿಸುತ್ತಾರೆ?

"ಕೊನೇಲಿ ಕಳಿಸಿದ್ದು ಯಾರು ಮೇಡಂ?" ವತ್ಸಲಾ ಮೆಲ್ಲಗೆ ಕೇಳಿದಳು.

ತೇನ್‌ಮೊಳಿಯೇ. ನಿಧಾನಕ್ಕೆ ಹೆಸರಾದ ಹುಡುಗಿ, ಎಲ್ಲರಾದ ಮೇಲೆ ಕಳಿಸಿದ್ದಳು. ಅವಳ ಹಿಂದೆ ಬಂದು ಅವಳನ್ನು ಅಳಿಸಲು ಇನ್ನೊಬ್ಬ ಸೀನು ಇರಲಿಲ್ಲ. ಗಾಬರಿಯಲ್ಲಿ ನಾವು ಯಾರೂ ತೆರೆದು ನೋಡದ ಆ ಒಂಟಿ ನಕಾಶೆಯನ್ನು ತೆರೆದೆವು. ಅವಳ ಬೀದಿ ಇತ್ತು. ಮನೆಮನೆಯ ಮುಂದೆಯೂ ಪುಟ್ಟ ತಮಿಳು ಅಕ್ಷರಗಳಲ್ಲಿ ನೀರಿನ ಆಳವಿತ್ತು. ಕಲೆಯ ಪಕ್ಕ ಪಾಟಿಯನ್ನು ನಿಲ್ಲಿಸಿ ಅಳೆದಿದ್ದಾಳೆ: ಪಾಟಿಯ ಮೊಣಕಾಲು, ಪಾಟಿಯ ಸೊಂಟ, ಪಾಟಿಯ ಎದೆ. ಬೀದಿಯ ಕೊನೆಗೆ, ಅವರ ಮನೆಯ ಬಾಗಿಲಲ್ಲಿ, ಪಾಟಿಯ ಕುತ್ತಿಗೆ.

"ಮೀಟರ್‌ಲ ಮಾತ್ತಣುಮಾ ಮಿಸ್?" ಮೀಟರಿಗೆ ಬದಲಾಯಿಸಬೇಕೇ ಎಂದು ಅಳುಕುತ್ತ ಕೇಳಿದಳು.

ಅಳತೆ ತಪ್ಪಿದರೆ ಅಂಕ ಕಡಿಯುವ ಮೇಷ್ಟರಮ್ಮ ನಾನು. ಬೇಡಮ್ಮ, ಪಾಟಿಯೇ ಇರಲಿ ಎಂದೆ.